ಭಜ್ಜಿ ಪಟ್ಟಿಯಿಂದ ಶುರುವಾದ ಬರವಣಿಗೆ

"ನಿಮ್ಮ ಹುಡುಗಗ ಸೂಟಿ ಯಾವಾಗ್ರಿ?"

ಸ್ಟೇಶನ್ ಬಜಾರದ ನಮ್ಮ ಗಲ್ಲಿಯಲ್ಲಿ ಹೊಸಬರು ಯಾರೇ ಸಿಕ್ಕರೂ ಕೇಳುವ ಪ್ರಶ್ನೆ ಇದು. ಅವ ಸಾಲಿಗೇ ಹೋಗಂಗಿಲ್ರಿ, ಮನ್ಯಾಗೇ ಕಲೀತಾನ ಅಂದರೆ ಮುಂದಿನ ಪ್ರಶ್ನೆ ಬರುವುದಿಲ್ಲ. ಒಂದು ನೋಟ ಬರುತ್ತದೆ, ಅಷ್ಟೇ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನಗೂ ಇತ್ತು. ಶಾಲೆಯೇ ಇಲ್ಲದ ಮಗುವಿಗೆ ರಜೆ ಅಂದ್ರೆ ಏನು?

ಮೂರನೇ ತರಗತಿ ಮುಗಿದ ಮೇಲೆ ನಾವು ಅವನನ್ನು ಬಿಡಿಸಿದೆವು. ಇಂಗ್ಲಿಷಿನ ಬಿ, ಡಿ ಅದಲುಬದಲು. ಕನ್ನಡದ ಪ, ವ, ಷ ಅವನಿಗೆ ಒಂದೇ ಥರ ಕಾಣುತ್ತಿದ್ದವು. ಒತ್ತಕ್ಷರ ಬಂದರಂತೂ ಪೆನ್ಸಿಲ್ ನಿಂತೇ ಹೋಗುತ್ತಿತ್ತು. ಒಂದಿನ ಅವನ ವಹಿಯನ್ನು ಇಡೀ ತರಗತಿಗೆ ಎತ್ತಿ ತೋರಿಸಿದರಂತೆ. ಅವತ್ತಿನಿಂದ ಬೆಳಿಗ್ಗೆ ಯೂನಿಫಾರ್ಮ್ ನೋಡಿದರೆ ಸಾಕು, ವಾಂತಿ. ಡಾಕ್ಟರು ಡಿಸ್ಲೆಕ್ಸಿಯಾ ಅಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಕಲಿಕೆಯ ತೊಂದರೆಯೂ ಸೇರಿದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಕಾಯ್ದೆ ಕಾಯ್ದೆಯಲ್ಲಿತ್ತು, ನನ್ನ ಮಗ ಮಂಚದ ಕೆಳಗೆ ಅಡಗಿ ಕೂತಿದ್ದ.

ಮನೆಯಲ್ಲಿ ಕಲಿಸುತ್ತೇನೆ ಅಂತ ಹೊರಟ ನಾನು ಮೊದಲು ಮಾಡಿದ ತಪ್ಪು ಅಂದ್ರೆ ಶಾಲೆಯನ್ನೇ ಮನೆಗೆ ತಂದದ್ದು. ಮೊಬೈಲಿನಲ್ಲಿ ಹುಡುಕಿ ಹುಡುಕಿ ವರ್ಕ್‌ಶೀಟು ಪ್ರಿಂಟ್ ತೆಗೆಸಿದೆ. ಹಿಮದ ಗೊಂಬೆಯ ಚಿತ್ರ, ಅದರ ಕೆಳಗೆ ನಾಲ್ಕು ಗೆರೆ, 'ನನ್ನ ಚಳಿಗಾಲದ ರಜೆ' ಅಂತ ಬರೀಬೇಕು. ಕಲಬುರಗಿಯಲ್ಲಿ ಹಿಮ! ಆರು ತಿಂಗಳಲ್ಲಿ ಅವನು ಬರೆದದ್ದು ತನ್ನ ಹೆಸರು ಮಾತ್ರ, ಅದೂ ಸಿಟ್ಟಿನಿಂದ.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಭಾಗದವರಿಗೆ ಗೊತ್ತು, ಅವತ್ತು ಊರೆಲ್ಲ ಹೊಲದಾಗ. ನಮ್ಮದು ಕಮಲಾಪುರದ ಕಡೆ ಸ್ವಲ್ಪ ಹೊಲ ಇದೆ, ತೊಗರಿ, ಜೋಳ. ಆ ಸಲ ಇಪ್ಪತ್ತು ಮಂದಿ ಹೋಗುವುದಿತ್ತು. ಹಿಂದಿನ ದಿನ ನಾನು ಆಫೀಸಿನ ಕಾಲ್‌ನಲ್ಲಿದ್ದೆ, ಅತ್ತೆಗೆ ಚಸ್ಮಾ ಸಿಗಲಿಲ್ಲ. ಬಾಗಿಲ ಸಂದಿಯಿಂದ ಕೇಳಿಸಿತು:

"ತಮ್ಮಾ, ನಾ ಹೇಳ್ತೀನಿ, ನೀ ಬರ್ಕೋ. ಇಲ್ಲಾಂದ್ರ ನಿಮ್ಮಪ್ಪ ಅರ್ಧ ಮರ್ತು ಬರ್ತಾನ."

"ನಂಗ್ ಬರಂಗಿಲ್ಲ ಆಯಿ."

"ನಂಗ ಕಾಣಂಗಿಲ್ಲ, ನಿಂಗ ಬರಂಗಿಲ್ಲ. ನಾಳೆ ಭಜ್ಜಿ ಹ್ಯಾಂಗ ಮಾಡ್ಲಿ?"

ಅವನು ಬರೆದ. ಮೆಂತ್ಯ, ಪಾಲಕ್, ಹುಣಸೆ, ಬಟಾಣಿ, ಹಸಿ ಕಡಲೆ, ಬದನೆಕಾಯಿ, ಕಡಲೆಹಿಟ್ಟು, ಬೆಲ್ಲ, ಸಜ್ಜೆ ಹಿಟ್ಟು. 'ಮೆಂತ್ಯ' ಹೋಗಿ 'ಮೆತೆ' ಆಗಿತ್ತು. ಅಪ್ಪನ ಜೊತೆ ಬಜಾರಕ್ಕೂ ಹೋದ. ಕಾಯಿಪಲ್ಲೆಯವರು ಚೀಟಿ ಇಸಿದುಕೊಂಡು, ಓದಿ, ಮಾತಾಡದೆ ಒಂದೊಂದೇ ತೆಗೆದು ಚೀಲಕ್ಕೆ ಹಾಕಿದರಂತೆ. ಮನೆಗೆ ಬಂದವನು ನನಗೆ ಹೇಳಿದ್ದು ಒಂದೇ ಮಾತು: "ಅಮ್ಮಾ, ಅವರು ಮೆಂತ್ಯನೇ ಕೊಟ್ರು."

ಆ ಮಾತಿನ ಮೇಲೆ ನಾನು ಪ್ರಿಂಟ್ ತೆಗೆಸಿದ್ದನ್ನೆಲ್ಲ ರದ್ದಿಗೆ ಹಾಕಿದೆ.

ಮರುದಿನ ಹೊಲದಲ್ಲಿ ಪಾಂಡವರ ಪೂಜೆ ಆಯಿತು, ಚರಗ ಚೆಲ್ಲಿದ್ದಾಯಿತು. ಊಟದ ಹೊತ್ತಿಗೆ ಇವನು ಚೀಟಿ ಹಿಡಿದುಕೊಂಡು ಭಜ್ಜಿಯಲ್ಲಿ ಎಲ್ಲ ಬಿದ್ದಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಿದ್ದ. ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆ ತಗೊಂಡೆವು. ಈ ಬಾಳೆಗೆ ಜಿಐ ಮಾನ್ಯತೆ ಇದೆ ಅಂತ ಅವನಪ್ಪ ಹೇಳಿದ್ದೇ ತಡ, ಹಾಗಂದ್ರೇನು ಅಂತ ಶುರು. ನಮ್ಮ ತೊಗರಿಗೂ ಅದು ಸಿಕ್ಕಿದೆ ಅಂದಾಗ ಚೀಟಿಯ ಹಿಂದೆ ಎರಡರ ಹೆಸರೂ ಬರೆದುಕೊಂಡ. ಯಾರೂ ಹೇಳಿರಲಿಲ್ಲ.

ಅಲ್ಲಿಂದ ಹಬ್ಬಗಳೇ ನಮ್ಮ ಪಠ್ಯ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ನಾನು ಹೇಳುವುದು ಇಷ್ಟೇ: ಬರೆದದ್ದು ಯಾರಿಗಾದರೂ ಬೇಕಾಗಿರಬೇಕು. ಸಂಕ್ರಾಂತಿಗೆ ಎಳ್ಳಿನ ಪೊಟ್ಟಣಗಳ ಮೇಲೆ ಹೆಸರು ಬರೆಯುವ ಕೆಲಸ ಅವನದು, ತಪ್ಪಾದರೆ ಪೊಟ್ಟಣ ಬೇರೆ ಮನೆಗೆ ಹೋಗುತ್ತದೆ. ಹೋಳಿ ಆದ ಐದನೇ ದಿನ ಶರಣಬಸವೇಶ್ವರರ ತೇರು. ಜಾತ್ರೆಯಲ್ಲಿ ಅಂಗಡಿ ಬೋರ್ಡುಗಳ ತಪ್ಪು ಹುಡುಕುವ ಆಟ ಆಡಿದೆವು. ದೊಡ್ಡವರೂ ತಪ್ಪು ಬರೆಯುತ್ತಾರೆ, ಆದರೂ ವ್ಯಾಪಾರ ಜೋರಾಗಿ ನಡೆಯುತ್ತದೆ ಅನ್ನುವುದು ಅವನಿಗೆ ಭಾರಿ ಖುಷಿ ಕೊಟ್ಟಿತು. ಹಿಂಗ ಕಲಿಸಿದ್ರ ಕಾಗುಣಿತ ಯಾವಾಗ ಬರಬೇಕು ಅಂತ ನನ್ನ ಅಣ್ಣ ಬೈದ. ಅವನು ಮೇಷ್ಟ್ರು, ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ದಿನಾ ಹದಿನೈದು ನಿಮಿಷ ಅಕ್ಷರಗಳ ಅಭ್ಯಾಸ ಈಗಲೂ ಬೇರೆಯೇ ನಡೆಯುತ್ತದೆ, ಮರಳಿನ ತಟ್ಟೆಯಲ್ಲಿ ಬೆರಳಿನಿಂದ. ಹಬ್ಬದ ಬರವಣಿಗೆಗೆ ಮಾತ್ರ ಕೆಂಪು ಪೆನ್ನು ಮುಟ್ಟಿಸುವುದಿಲ್ಲ.

ಬೇಸಿಗೆ ಬಗ್ಗೆ ನಿಮಗೆ ಹೇಳಬೇಕಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ಅಂದ್ರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆ ಮಧ್ಯಾಹ್ನಗಳಿಗೆ 50 ಪೈಸೆಯ ಪೋಸ್ಟ್ ಕಾರ್ಡು ತಂದಿಟ್ಟೆ. ಸೊಲ್ಲಾಪುರದ ಅತ್ತೆ ಮಗಳಿಗೆ ವಾರಕ್ಕೊಂದು. ಕಾರ್ಡಿನ ಗುಣ ಏನಂದ್ರೆ ಜಾಗ ಕಡಿಮೆ, ನಾಲ್ಕು ಸಾಲಿಗೆ ತುಂಬುತ್ತದೆ. ಖಾಲಿ ಹಾಳೆಯ ಭಯ ಇಲ್ಲ.

ಸೆಪ್ಟೆಂಬರ್ 17 ನಮಗೆ ಕಲ್ಯಾಣ ಕರ್ನಾಟಕ ಉತ್ಸವ ದಿನ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದರ ನೆನಪಿನ ದಿನ. ಉಳಿದ ಕರ್ನಾಟಕದ ಗೆಳೆಯರಿಗೆ ಇದು ಅಷ್ಟು ಗೊತ್ತಿರುವುದಿಲ್ಲ. ಆ ದಿನಕ್ಕೆ ಮುತ್ಯಾನನ್ನು ಸಂದರ್ಶನ ಮಾಡು ಅಂದೆ. ಐದು ಪ್ರಶ್ನೆ ಬರೆದುಕೊಂಡ. ಎರಡನೆಯದಕ್ಕೇ ನಿಂತಿತು: "ಮುತ್ಯಾ, ನೀ ಯಾವ ಸಾಲ್ಯಾಗ ಕಲ್ತಿ?"

ಮಾವನಿಗೆ ಆಗ ಎಂಟು ವರ್ಷ. ನಿಜಾಮರ ಕಾಲದ ಶಾಲೆ, ಮೊದಲು ಕಲಿತದ್ದು ಉರ್ದು. ಅದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಆಮೇಲೆ ಕನ್ನಡ ಬಂತು, ಎಡದಿಂದ ಬಲಕ್ಕೆ.

"ಎರಡು ವರ್ಷ ನಂದೂ ಎಲ್ಲಾ ಉಲ್ಟಾನೇ ಇತ್ತು ತಮ್ಮಾ. ಮಾಸ್ತರು ಭಾಳ ಹೊಡಿತಿದ್ರು. ಪಾಟಿ ಎದೀಗೆ ಒತ್ಕೊಂಡು ಕೂಡ್ತಿದ್ದೆ, ಯಾರಿಗೂ ಕಾಣಬಾರ್ದು ಅಂತ."

ಈ ಮನೆಗೆ ಸೊಸೆಯಾಗಿ ಬಂದು ಹದಿಮೂರು ವರ್ಷ, ನಾನು ಇದನ್ನು ಕೇಳಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲವಂತೆ. ಮಗ ಪೆನ್ಸಿಲ್ ಕೆಳಗಿಟ್ಟ. ಉಳಿದ ಮೂರು ಪ್ರಶ್ನೆ ಮರೆತೇ ಹೋದವು.

ಮುಂದಿನ ಚಿಂತೆ ಇಲ್ಲ ಅಂತಲ್ಲ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ಕೊಡುತ್ತದೆ, ನಾಳೆ ಇವನೇ ವಾಪಸ್ ಹೋಗ್ತೀನಿ ಅಂದರೂ ಬಾಗಿಲು ತೆರೆದಿದೆ. ಇಲ್ಲದಿದ್ದರೆ 14 ತುಂಬಿದ ಮೇಲೆ ಎನ್‌ಐಓಎಸ್ ಮೂಲಕ ಹತ್ತನೇ ತರಗತಿ ಕಟ್ಟಿಸಬೇಕು. ರಾತ್ರಿ ನಿದ್ದೆ ಬಾರದಾಗ ಲೆಕ್ಕ ಹಾಕುತ್ತೇನೆ, ಇನ್ನು ನಾಲ್ಕು ವರ್ಷ.

ಆವತ್ತಿನ ಸಂದರ್ಶನದ ಹಾಳೆ ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಮೇಲೆ ಮಗನ ಕೈಯಲ್ಲಿ ಮುತ್ಯಾನ ಹೆಸರು, ಒತ್ತಕ್ಷರ ಬಿಟ್ಟುಹೋಗಿದೆ. ಅದರ ಕೆಳಗೆ ಅದೇ ಹೆಸರು ಉರ್ದುವಿನಲ್ಲಿ, ಮಾವನ ನಡುಗುವ ಕೈಯದು. ಅವರು ಬಲತುದಿಯಿಂದ ಶುರು ಮಾಡಿದಾಗ ಇವನು ಬಗ್ಗಿ ನೋಡುತ್ತಿದ್ದ.

"ಇನ್ನೊಮ್ಮೆ ಬರಿ ಮುತ್ಯಾ, ಸಾವಕಾಶ."