ಕತ್ತರಿಗೆ ಸಿಕ್ಕ ಸಾಸೇಜ್, ಟೋಕಿಯೊದಲ್ಲಿ ಸಿಕ್ಕ ಡ್ರಾಕುಲಾ

ಬನ್ನಿ, ಒಂದು ಪಂದ್ಯ ಕಟ್ಟೋಣ!

1991ನೇ ಇಸವಿ. ಬ್ರಿಟನ್ನಿನ ಸೆನ್ಸಾರ್ ಮಂಡಳಿಯ ಮುಂದೆ ಒಂದು ಮಕ್ಕಳ ಸಿನಿಮಾ ಬಂದಿದೆ. ಮನುಷ್ಯರ ಹಾಗೆ ಮಾತಾಡುವ ನಾಲ್ಕು ಆಮೆಗಳು ಕಳ್ಳರನ್ನು ಹಿಡಿದು ಬಡಿಯುತ್ತಿವೆ. ಮಂಡಳಿಗೆ ಏನೋ ಕಣ್ಣಿಗೆ ಬಿತ್ತು. ಕತ್ತರಿ ಮೇಲೆದ್ದಿತು. ಕಚಕ್!

ಏನನ್ನು ಕತ್ತರಿಸಿದರು? ಹೇಳಿ ನೋಡೋಣ!

ರಕ್ತವೆ? ಅಲ್ಲ. ಬೈಗುಳವೆ? ಅದೂ ಅಲ್ಲ. ಮುತ್ತೆ? ಊಹೂಂ!

ಸಾಸೇಜ್!

ನಿಜವಾಗಿಯೂ! ಹೂವಿನ ಸರದ ಹಾಗೆ ಒಂದಕ್ಕೊಂದು ಕೂಡಿಕೊಂಡ, ತಿನ್ನುವ ಸಾಸೇಜ್. ಒಂದು ಆಮೆ ಆ ಸರವನ್ನು ಎತ್ತಿಕೊಂಡು ಗಿರ್ರನೆ ತಿರುಗಿಸಿ ಕಳ್ಳರ ಮೇಲೆ ಬೀಸುತ್ತದೆ. ಅದನ್ನು ನೋಡಿ ಮಕ್ಕಳು ನಗಬೇಕಿತ್ತು. ಮಂಡಳಿ ನಗಲಿಲ್ಲ. ಆ ಸಾಸೇಜ್ ಸರ ಅವರ ಕಣ್ಣಿಗೆ ನಂಚಾಕುವಿನ ಹಾಗೆ ಕಂಡಿತು! ಎರಡು ಗಿಡ್ಡ ಕೋಲು, ನಡುವೆ ಸರಪಳಿ. ಬ್ರೂಸ್ ಲೀ ಸುಂಯ್ ಸುಂಯ್ ಎಂದು ಬೀಸುತ್ತಿದ್ದನಲ್ಲ, ಅದೇ.

ಹುಡುಗರು ನೋಡಿ ಕಲಿತುಬಿಟ್ಟರೆ ಎಂಬುದು ಭಯ. 1975ರಿಂದ 1999ರವರೆಗೆ ಮಂಡಳಿಯನ್ನು ನಡೆಸಿದ ಜೇಮ್ಸ್ ಫರ್ಮನ್‌ಗೆ ಈ ಆಯುಧವೆಂದರೆ ಆಗುತ್ತಿರಲಿಲ್ಲ. 'ಎಂಟರ್ ದ ಡ್ರ್ಯಾಗನ್' ಬ್ರಿಟನ್ನಿನಲ್ಲಿ ಮತ್ತೆ ನಂಚಾಕು ಸಮೇತ ಇಡಿಯಾಗಿ ಕಂಡದ್ದು 2001ರಲ್ಲಿ! ಇದೇ ಆಮೆಗಳ ಟಿವಿ ಸರಣಿಯ ಹೆಸರಿನಲ್ಲಿದ್ದ 'ನಿಂಜಾ' ಎಂಬ ಪದವೂ ಉಳಿಯಲಿಲ್ಲ. ಅಮೆರಿಕದಲ್ಲಿ ಅವು ನಿಂಜಾ ಆಮೆಗಳು. ಬ್ರಿಟಿಷ್ ಮಕ್ಕಳಿಗೆ 'ಹೀರೊ' ಆಮೆಗಳು!

ಇನ್ನೂ ಇದೆ, ಕೇಳಿ!

2002ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಕತ್ತರಿಗೆ ಸಿಕ್ಕಿದ್ದು ಎಷ್ಟು ಹೊತ್ತಿನ ತುಣುಕು ಗೊತ್ತೆ? ಒಂದು ಸೆಕೆಂಡು! ಒಬ್ಬ ಇನ್ನೊಬ್ಬನ ತಲೆಗೆ ತಲೆ ಡಿಕ್ಕಿ ಹೊಡೆಯುತ್ತಾನೆ. ಅಷ್ಟೇ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತಿತ್ತು. ಅದನ್ನೂ ಬಿಡಲಿಲ್ಲ! 2012ರ 'ಹಂಗರ್ ಗೇಮ್ಸ್'ನಲ್ಲಿ ಏಳು ಸೆಕೆಂಡು. ಅಲ್ಲಿ ದೃಶ್ಯ ಹಾಗೇ ಇದೆ, ಚಿಮ್ಮಿದ ರಕ್ತ ಮಾತ್ರ ಕಂಪ್ಯೂಟರಿನಲ್ಲಿ ಅಳಿಸಿಹೋಗಿದೆ!

ಇನ್ನು 'ಲೈಲೊ ಅಂಡ್ ಸ್ಟಿಚ್'. ಪುಟ್ಟ ಹುಡುಗಿ ಅಕ್ಕನಿಂದ ತಪ್ಪಿಸಿಕೊಳ್ಳಲು ಬಟ್ಟೆ ಒಣಗಿಸುವ ಯಂತ್ರದೊಳಗೆ ಅಡಗಿ ಕೂರುತ್ತಾಳೆ. ಮನೆಯ ಮಕ್ಕಳೂ ಹಾಗೇ ಹೊಕ್ಕರೆ? ಬ್ರಿಟಿಷ್ ವಿಡಿಯೊಗಾಗಿ ಆ ಯಂತ್ರವನ್ನೇ ಅಳಿಸಿದರು. ಹುಡುಗಿ ಈಗ ಒಂದು ಗೂಡಿನೊಳಗೆ ಕೂತಿದ್ದಾಳೆ. ಬಾಗಿಲ ಬದಲು ಪಿಜ್ಜಾ ಡಬ್ಬ! ಮುಂದೆ ಡಿಸ್ನಿ ಪ್ಲಸ್ ಬಂದಾಗ ಹಾಕಿದ್ದು ಯಾವ ಆವೃತ್ತಿ ಹೇಳಿ? ಇದೇ ಪಿಜ್ಜಾ ಡಬ್ಬದ್ದು! ಬ್ರಿಟನ್ನಿನ ಎಳೆಯರಿಗಾಗಿ ಮಾಡಿದ ತಿದ್ದುಪಡಿ ಬೇರೆ ದೇಶಗಳ ಮನೆಗಳಿಗೂ ಹೋಗಿ ಕೂತಿತು.

ಇಷ್ಟು ಸೂಕ್ಷ್ಮವಾಗಿ ನೋಡುವ ಈ ಮಂಡಳಿ ಹುಟ್ಟಿದ್ದಾದರೂ ಹೇಗೆ? ಧರ್ಮದ ಸಿಟ್ಟಿನಿಂದಲೆ? ರಾಜಕೀಯದಿಂದಲೆ?

ಬೆಂಕಿಯಿಂದ!

ಆಗಿನ ಫಿಲ್ಮು ನೈಟ್ರೇಟಿನದು. ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತಿತ್ತು. ಜನ ಸುಟ್ಟುಹೋಗಬಾರದೆಂದು 1909ರಲ್ಲಿ ಒಂದು ಕಾಯ್ದೆ ತಂದರು. ಚಿತ್ರಮಂದಿರ ನಡೆಸಲು ಊರಿನ ಕೌನ್ಸಿಲಿನಿಂದ ಲೈಸೆನ್ಸ್ ಬೇಕು. ಕಾಯ್ದೆಯ ಗುರಿ ಬೆಂಕಿ, ಕಥೆಯಲ್ಲ. ಆದರೆ ಲಂಡನ್ ಕೌನ್ಸಿಲ್ ಅದೇ ಲೈಸೆನ್ಸಿನಲ್ಲಿ 'ಭಾನುವಾರ ಆಟವಿಲ್ಲ' ಎಂಬ ಷರತ್ತು ತೂರಿಸಿತು! ಬರ್ಮಂಡ್ಸೆಯ ಒಂದು ಸಿನಿಮಾ ಕಂಪನಿ ಭಾನುವಾರವೇ ಆಟ ಹಾಕಿತು. ಕೇಸು ಕೋರ್ಟಿಗೆ ಹೋಯಿತು. ಕೋರ್ಟು ಕೌನ್ಸಿಲ್ ಪರ ನಿಂತಿತು. ಬೆಂಕಿಗಷ್ಟೇ ಅಲ್ಲ, ಬೇರೆ ಷರತ್ತೂ ಹಾಕಬಹುದು! ಆ ಒಂದು ತೀರ್ಪು ಸಾಕಾಯಿತು. ಊರಿಗೊಂದು ನಿಯಮ ಬರುವ ಮುನ್ನವೇ ಸಿನಿಮಾ ಉದ್ಯಮದವರು ತಾವೇ 1912ರಲ್ಲಿ ಮಂಡಳಿ ಕಟ್ಟಿಕೊಂಡರು. ಗಮನಿಸಿ, ಸರ್ಕಾರವಲ್ಲ, ಉದ್ಯಮದವರು!

1913ರ ಜನವರಿ 1ರಂದು ಕೆಲಸ ಶುರು. ಅವತ್ತು ಕೈಯಲ್ಲಿದ್ದದ್ದು ಎರಡೇ ನಿಯಮ. ಬೆತ್ತಲೆ ಇರಬಾರದು, ಯೇಸುವನ್ನು ತೋರಿಸಬಾರದು. ಮತ್ತೆ ಎರಡೇ ಸರ್ಟಿಫಿಕೇಟು. ಆ ಅಕ್ಷರಗಳು ಯಾವುವು ಊಹಿಸಿ! ಸಿನಿಮಾ ಶುರುವಾಗುವ ಮುಂಚೆ ನಮ್ಮ ಟಾಕೀಸಿನಲ್ಲಿ ನೀವು ನೂರಾರು ಸಲ ನೋಡಿದ್ದೀರಿ.

'ಯು' ಮತ್ತು 'ಎ'!

ಆದರೆ ಅಂದಿನ ಬ್ರಿಟಿಷ್ 'ಎ' ನಮ್ಮ 'ಎ'ಯಷ್ಟು ಬಿಗಿಯಲ್ಲ. ದೊಡ್ಡವರಿಗೆ ಹೆಚ್ಚು ಸೂಕ್ತ ಎಂಬ ಸೂಚನೆ ಅಷ್ಟೇ. 1938ರಲ್ಲಿ ಅದು ಅಂಟಿದ್ದು ಯಾವ ಚಿತ್ರಕ್ಕೆ ಅಂದುಕೊಂಡಿರಿ? ಡಿಸ್ನಿಯ 'ಸ್ನೋ ವೈಟ್'ಗೆ! ಮಾಟಗಾತಿಯನ್ನು ಕಂಡು ಮಕ್ಕಳು ಹೆದರುತ್ತಾರೆಂದು!

1916ರಲ್ಲಿ ಟಿ.ಪಿ. ಒಕಾನರ್ ಎಂಬವರು ಅಧ್ಯಕ್ಷರಾಗಿ ಬಂದರು. ಎರಡು ನಿಯಮ ಎಷ್ಟಾಯಿತು? ನಲವತ್ತಮೂರು! ಒಳಉಡುಪು ಸುಮ್ಮನೆ ತೋರಿಸಬಾರದು. ಮಿತಿಮೀರಿದ ಪ್ರೇಮದೃಶ್ಯ ಬೇಡ. ಬಂಡವಾಳಗಾರರಿಗೂ ಕಾರ್ಮಿಕರಿಗೂ ನಡುವಿನ ಜಗಳ ಬೇಡ. ಓದುತ್ತಾ ಹೋದೆ. ಒಂದು ಸಾಲಿನಲ್ಲಿ ಕಣ್ಣು ಕಚ್ಚಿಕೊಂಡು ನಿಂತಿತು.

ಭಾರತ!

ಹೌದು, ನಾವೇ! ಭಾರತದ ಕಥೆಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಕೆಟ್ಟವರಾಗಿ ಕಾಣಬಾರದು. ದೇಶೀ ಸಂಸ್ಥಾನಗಳಿಗೆ ನಿಷ್ಠೆಯಿಲ್ಲವೆಂದು ಸೂಚಿಸಬಾರದು. ನಮ್ಮ ಮೈಸೂರು ಸಂಸ್ಥಾನವೂ ಆ ಮಾತಿನೊಳಗೆ ಬಂತಲ್ಲ! ನಮ್ಮ ಹಿರಿಯರಿಗೆ ತಿಳಿಯದಂತೆ, ಎಲ್ಲೋ ಲಂಡನ್ನಿನ ಒಂದು ಕೋಣೆಯಲ್ಲಿ, ಅವರ ಬಗ್ಗೆ ತೆರೆಯ ಮೇಲೆ ಏನು ಹೇಳಬಾರದೆಂದು ಬರೆದಿಟ್ಟಿದ್ದರು. ಇನ್ನೊಂದು ಸೋಜಿಗ! ಪಟ್ಟಿ ಕೊಟ್ಟ ಒಕಾನರ್ ಸ್ವತಃ ಐರಿಷ್ ರಾಷ್ಟ್ರವಾದಿ ಸಂಸದ!

ನಿಷೇಧದ ಕಾರಣಗಳಂತೂ ಒಂದಕ್ಕಿಂತ ಒಂದು ಬೆರಗು. 1926ರಲ್ಲಿ 'ಬ್ಯಾಟಲ್‌ಶಿಪ್ ಪೊಟೆಂಕಿನ್' ನಿಂತಿತು, ಕ್ರಾಂತಿಯ ಭಯಕ್ಕೆ. 1954ರಲ್ಲಿ ದೊಡ್ಡವರಿಗೆ ಮಾತ್ರ ಎಂದು ಬಿಟ್ಟರು. ಈಗ? ಮಕ್ಕಳೂ ನೋಡಬಹುದಾದ 'ಪಿಜಿ'! ಇನ್ನು ಫ್ರಾನ್ಸಿನ ಜರ್ಮೇನ್ ಡ್ಯುಲಾಕ್ 1928ರಲ್ಲಿ ಮಾಡಿದ ಕನಸಿನಂಥ ಚಿತ್ರ 'ದ ಸೀಶೆಲ್ ಅಂಡ್ ದ ಕ್ಲರ್ಜಿಮನ್'. ಮಂಡಳಿಗೆ ಅದು ಅರ್ಥವೇ ಆಗಲಿಲ್ಲ. ಆದರೂ ತಿರಸ್ಕರಿಸಿತು! ಕೊಟ್ಟ ಕಾರಣದ ತಾತ್ಪರ್ಯ ಇಷ್ಟು: ಇದಕ್ಕೆ ಅರ್ಥ ಇದ್ದಂತಿಲ್ಲ, ಇದ್ದರೆ ಅದು ಖಂಡಿತ ಆಕ್ಷೇಪಾರ್ಹ!

ಈಗ ಒಂದು ವರ್ಷವನ್ನು ನೆನಪಿಟ್ಟುಕೊಳ್ಳಿ. 1984. ಮತ್ತೆ ಮತ್ತೆ ಬರುತ್ತದೆ.

ಆ ವರ್ಷ ತೆರೆಗೆ ಬಂತು ಸ್ಪೀಲ್‌ಬರ್ಗ್ ಅವರ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್'. ಭಾರತದಲ್ಲಿ ನಡೆಯುವ ಕಥೆ. ಎದೆಯೊಳಗೆ ಕೈ ಹಾಕಿ ಹೃದಯ ಕಿತ್ತು ತೆಗೆಯುವ ಪೂಜಾರಿ ಯಾರು ಗೊತ್ತಲ್ಲ? ಅಮರೀಶ್ ಪುರಿ! ಗಿರೀಶ ಕಾರ್ನಾಡರ ಕನ್ನಡ ಚಿತ್ರ 'ಕಾಡು'ವಿನಲ್ಲಿ ಹನ್ನೊಂದು ವರ್ಷ ಮೊದಲೇ ನಟಿಸಿದ್ದ ಅದೇ ಅಮರೀಶ್ ಪುರಿ! ಅಮೆರಿಕದಲ್ಲಿ ಆ ಚಿತ್ರದ ಗದ್ದಲವೂ ಸೇರಿ 'ಪಿಜಿ-13' ಎಂಬ ಹೊಸ ದರ್ಜೆ ಹುಟ್ಟಿತು. ಬ್ರಿಟನ್ನಿನಲ್ಲಿ? ಹೃದಯ ಕೀಳುವ ದೃಶ್ಯಕ್ಕೇ ಕತ್ತರಿ! ಕತ್ತರಿಯಿಲ್ಲದ ಪ್ರತಿ ಬ್ರಿಟಿಷ್ ಮನೆಗಳಿಗೆ ಬಂದದ್ದು 2012ರಲ್ಲಿ.

ಅದೇ 1984ರಲ್ಲಿ ವಿಡಿಯೊ ಕಾಯ್ದೆಯೂ ಬಂತು. ಕ್ಯಾಸೆಟ್ ಅಂಗಡಿಗಳು ಬೀದಿಬೀದಿಯಲ್ಲಿ ಎದ್ದಿದ್ದ ಕಾಲ. ಸರ್ಟಿಫಿಕೇಟು ಇಲ್ಲದೆ ಭಯಾನಕ ಚಿತ್ರಗಳು ಮನೆಗೆ ಬರುತ್ತಿದ್ದವು. ಪತ್ರಿಕೆಗಳು ಅವನ್ನು 'ವಿಡಿಯೊ ನ್ಯಾಸ್ಟಿ' ಎಂದು ಕರೆದವು. ಹೊಲಸು ವಿಡಿಯೊ! ಸರ್ಕಾರಿ ವಕೀಲರು ಬೆರಳಿಟ್ಟು ತೋರಿಸಿದ ಚಿತ್ರಗಳು ಒಟ್ಟು 72. ಪೊಲೀಸರು ಅಂಗಡಿಗಳಿಗೆ ನುಗ್ಗಿದರು. ಗಡಿಬಿಡಿಯಲ್ಲಿ 'ದ ಬಿಗ್ ರೆಡ್ ಒನ್' ಎಂಬ ಚಿತ್ರವನ್ನೂ ಹೊತ್ತೊಯ್ದರು. ಅದು ಏನು ಗೊತ್ತೆ? ಯುದ್ಧದ ಚಿತ್ರ! ಹೆಸರು ಕೇಳಿಯೇ ಮೋಸಹೋದರು!

ಹೊಸ ಕಾಯ್ದೆಯ ಪ್ರಕಾರ ಪ್ರತಿ ಸಿನಿಮಾ ಕ್ಯಾಸೆಟ್ಟಿಗೂ ಮಂಡಳಿಯ ಮುದ್ರೆ ಬೇಕು. ಮುದ್ರೆ ಇಲ್ಲದ್ದನ್ನು ಮಾರಿದರೆ ದಂಡ, ಮೊಕದ್ದಮೆ. 'ದ ಎಕ್ಸಾರ್ಸಿಸ್ಟ್'ಗೆ ವಿಡಿಯೊ ಮುದ್ರೆ ಸಿಕ್ಕಿದ್ದು 1999ರಲ್ಲಿ! 25 ವರ್ಷ ಇಡೀ ದೇಶ ಈ ಕಾಯ್ದೆಗೆ ತಲೆಬಾಗಿತು.

ಉಸಿರು ಬಿಗಿಹಿಡಿಯಿರಿ.

2009ರ ಆಗಸ್ಟ್. ಕಾಯ್ದೆಯನ್ನು ತಿದ್ದಲೆಂದು ಕಡತ ಬಿಚ್ಚಿದಾಗ ಸತ್ಯ ಹೊರಬಿತ್ತು. ಇಂಥ ಕಾನೂನು ತರುವ ಮುನ್ನ ಯುರೋಪಿಯನ್ ಆಯೋಗಕ್ಕೆ ತಿಳಿಸಬೇಕಿತ್ತು. 1984ರಲ್ಲಿ ಯಾರೂ ತಿಳಿಸಿರಲಿಲ್ಲ! ಹೋಗಬೇಕಿದ್ದ ಒಂದು ಸೂಚನೆ ಹೋಗಿರಲಿಲ್ಲ! ಹಾಗಾಗಿ ಆ ಕಾಯ್ದೆಯನ್ನು ಜಾರಿ ಮಾಡಲು ಬರುತ್ತಲೇ ಇರಲಿಲ್ಲ! 25 ವರ್ಷ! ಅಷ್ಟೂ ಮುದ್ರೆ, ಅಷ್ಟೂ ದಂಡ, ಅಷ್ಟೂ ಕತ್ತರಿ, ಬಲವೇ ಇಲ್ಲದ ಕಾನೂನಿನ ಮೇಲೆ! ಹೊಸ ಮೊಕದ್ದಮೆ ಹೂಡಬೇಡಿ ಎಂದು ಅಧಿಕಾರಿಗಳಿಗೆ ಹೇಳಬೇಕಾಯಿತು. 2010ರ ಜನವರಿಯಲ್ಲಿ, ಈ ಸಲ ಮರೆಯದೆ ತಿಳಿಸಿ, ಅದೇ ಕಾಯ್ದೆಯನ್ನು ಮತ್ತೊಮ್ಮೆ ತಂದರು. ಈ ಸಂಗತಿಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ! ಪ್ರತಿ ಸಲವೂ ಕೇಳಿದವರು ಮೊದಲು ಸುಮ್ಮನಾಗುತ್ತಾರೆ, ಆಮೇಲೆ 'ಸುಳ್ಳು ಹೇಳಬೇಡಿ' ಅನ್ನುತ್ತಾರೆ.

ಮಂಡಳಿಗೆ ಸವಾಲು ಹಾಕಿದವರೂ ಇದ್ದಾರೆ. ಚಾರ್ಲಿ ಲೈನ್ ಎಂಬ ಯುವಕನ ಉಪಾಯ ಕೇಳಿ! ಮಂಡಳಿಯವರು ಬಂದ ಸಿನಿಮಾವನ್ನು ಪೂರ್ತಿ ನೋಡಲೇಬೇಕು. ಶುಲ್ಕ ನಿಮಿಷದ ಲೆಕ್ಕ. ಸಣ್ಣ ನಿರ್ಮಾಪಕರಿಗೆ ಅದು ಭಾರ. ಆತ ಜನರಿಂದ ಚಂದಾ ಎತ್ತಿದ. ಎಷ್ಟು ಹಣ ಬರುತ್ತದೋ ಅಷ್ಟು ಉದ್ದದ ಸಿನಿಮಾ! 686 ಜನ ಕೊಟ್ಟರು. 5,936 ಪೌಂಡ್ ಕೂಡಿತು. ಸಿನಿಮಾ 607 ನಿಮಿಷ ಆಯಿತು. ಹತ್ತು ಗಂಟೆ ಏಳು ನಿಮಿಷ!

ಅದರಲ್ಲಿ ಏನಿದೆ? ಇಟ್ಟಿಗೆ ಗೋಡೆಗೆ ಬಳಿದ ಬಿಳಿ ಬಣ್ಣ. ಅದು ಒಣಗುತ್ತದೆ. ಅಷ್ಟೇ! ಹೆಸರು 'ಪೇಂಟ್ ಡ್ರೈಯಿಂಗ್'. ಪರೀಕ್ಷಕರು 2016ರ ಜನವರಿಯಲ್ಲಿ ಎರಡು ದಿನ ಕೂತು ನೋಡಿದರು. ಸರ್ಟಿಫಿಕೇಟು ಕೊಟ್ಟರು. 'ಯು'! ಮನ ನೋಯಿಸುವಂಥದ್ದಾಗಲಿ ಹಾನಿ ಮಾಡುವಂಥದ್ದಾಗಲಿ ಏನೂ ಇಲ್ಲ ಎಂದು ಬರೆದೂ ಕೊಟ್ಟರು. ಆ ಯುವಕನ ಹಟಕ್ಕೆ ಎಷ್ಟು ಮೆಚ್ಚುಗೆಯೋ, ಒಂದು ನಿಮಿಷವನ್ನೂ ಬಿಡದೆ ನೋಡಿದ ಆ ಪರೀಕ್ಷಕರ ನಿಷ್ಠೆಗೂ ನನ್ನಲ್ಲಿ ಅಷ್ಟೇ ಮೆಚ್ಚುಗೆ!

ಕೊನೆಗೆ ಉಳಿಸಿಕೊಂಡದ್ದು, ನನ್ನ ಮೈ ಜುಮ್ಮೆನ್ನಿಸಿದ್ದು.

1958. ಹ್ಯಾಮರ್ ಕಂಪನಿಯ 'ಡ್ರಾಕುಲಾ'. ಕ್ರಿಸ್ಟೋಫರ್ ಲೀ ರಕ್ತಪಿಶಾಚಿ. ಕೊನೆಯ ದೃಶ್ಯದಲ್ಲಿ ಸೂರ್ಯನ ಬೆಳಕು ಬಿದ್ದು ಪಿಶಾಚಿ ಬೂದಿಯಾಗಬೇಕು. ಮೇಕಪ್ಪಿನ ಫಿಲ್ ಲೀಕಿ ಲೀಯವರ ಮುಖಕ್ಕೆ ಕೆಂಪು ಬಳಿದು, ಮೇಲೆ ಮೇಣದ ತೆಳುಪದರ ಹಚ್ಚಿದರು. ಲೀ ಬೆರಳಿನಿಂದ ತನ್ನ ಮುಖವನ್ನೇ ಕೆರೆದುಕೊಳ್ಳುತ್ತಾರೆ. ಚರ್ಮ ಸುಲಿದು ಬರುತ್ತದೆ! ಮಂಡಳಿ ಬೆಚ್ಚಿತು. ಕಚಕ್!

ಆ ತುಣುಕು ಹೋಯಿತು. ದಶಕಗಳು ಕಳೆದವು. ಅಭಿಮಾನಿಗಳ ನಡುವೆ ಮಾತ್ರ ಒಂದು ವದಂತಿ ಉಳಿದಿತ್ತು. ಜಪಾನಿಗೆ ಹೋದ ಪ್ರತಿಯಲ್ಲಿ ಆ ದೃಶ್ಯ ಇತ್ತಂತೆ. ನಂಬಿದವರು ಕೆಲವರು, ಕಟ್ಟುಕಥೆ ಎಂದವರೇ ಹೆಚ್ಚು.

2011. ಟೋಕಿಯೊದ ರಾಷ್ಟ್ರೀಯ ಫಿಲ್ಮ್ ಸೆಂಟರ್. ಹುಡುಕಿದರೆ, ಡಬ್ಬಗಳು ಅಲ್ಲೇ ಇವೆ! ಆದರೆ ಒಟ್ಟು ಒಂಬತ್ತು ರೀಲಿನಲ್ಲಿ ಉಳಿದಿರುವುದು ನಾಲ್ಕೇ. ಉಳಿದ ಐದು ಎಲ್ಲಿ? ಬೆಂಕಿಯಲ್ಲಿ ಸುಟ್ಟುಹೋಗಿವೆ! ಆ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಯಾವ ವರ್ಷ ಹೇಳಿ?

1984!

ಲಂಡನ್ನಿನಲ್ಲಿ ವಿಡಿಯೊ ಕಾಯ್ದೆ ಬಂದ ವರ್ಷವೇ ಟೋಕಿಯೊದಲ್ಲಿ ಬೆಂಕಿ! ಹಾಗಾದರೆ ಸುಟ್ಟ ರೀಲುಗಳು ಯಾವುವು? ಮೊದಲ ಐದು. ಉಳಿದದ್ದು? ಆರು, ಏಳು, ಎಂಟು, ಒಂಬತ್ತು. ಡ್ರಾಕುಲಾ ಸಾಯುವುದು ಎಲ್ಲಿ? ಕೊನೆಯಲ್ಲಿ!

ಹಾಳಾಗಿದ್ದ ರೀಲನ್ನು ಮೆಲ್ಲಗೆ ಬಿಚ್ಚಿದರು. ಚೌಕಟ್ಟು ಚೌಕಟ್ಟಾಗಿ ಸರಿಪಡಿಸಿದರು. ಸಿಕ್ಕಿದ್ದು ಕೆಲವೇ ಸೆಕೆಂಡು. ಅದನ್ನು ಚಿತ್ರದೊಳಗೆ, ಅದರ ಜಾಗದಲ್ಲೇ ಮತ್ತೆ ಕೂರಿಸಿದರು. 2013ರಲ್ಲಿ ಡಿಸ್ಕ್ ಬ್ರಿಟನ್ನಿನ ಅಂಗಡಿಗಳಿಗೆ ಬಂತು. ಪರದೆ ಸರಿಯುತ್ತದೆ, ಬಿಸಿಲು ಒಳಗೆ ನುಗ್ಗುತ್ತದೆ. ಐದು ಬೆರಳು ಮೆಲ್ಲನೆ ಮುಖದ ಮೇಲೆ ಏರುತ್ತವೆ.