ತಂತಿ ಆರು... ತಾಪತ್ರಯ ನೂರಾರು!

"ಅಣ್ಣಾ, ನಂಗೆ ಕೆಂಪುದೇ ಬೇಕು!"

ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೀಗೆ ಹಟ ಹಿಡಿದವನು ಮೂರು ವರ್ಷದ ಮಗುವಲ್ಲ ಸ್ವಾಮೀ, ಹತ್ತೊಂಬತ್ತು ವರ್ಷದ ಗಂಡು! ನನ್ನ ಚಿಕ್ಕಮ್ಮನ ಮಗ. ಮನೆ ಸುಬ್ರಹ್ಮಣ್ಯಪುರದಲ್ಲಿ. ಹಗಲೆಲ್ಲ ಉತ್ತರಹಳ್ಳಿಯ ಮೊಬೈಲ್ ರಿಪೇರಿ ಅಂಗಡಿ, ರಾತ್ರಿಯಾದರೆ ಆರ್ಕೆಸ್ಟ್ರಾ. ಅವನು ಕೇಳುತ್ತಿದ್ದುದು ಶರ್ಟಲ್ಲ, ಬೈಕಲ್ಲ... ಎಲೆಕ್ಟ್ರಿಕ್ ಗಿಟಾರ್!

ಜೇಬಿನಲ್ಲಿ 30,000 ರೂಪಾಯಿ ಇತ್ತು. ಚಿಕ್ಕಮ್ಮ ಗಾರ್ಮೆಂಟ್ಸ್‌ನಲ್ಲಿ ದುಡಿದು ಕಟ್ಟಿದ ಚೀಟಿಯ ದುಡ್ಡು. ಅವರ ಆರ್ಕೆಸ್ಟ್ರಾದ ಲೀಡ್ ಗಿಟಾರಿಸ್ಟ್ ಕೆಲಸ ಸಿಕ್ಕಿತೆಂದು ದುಬೈಗೆ ಹಾರಿದ್ದ. ನವೆಂಬರಿನ ರಾಜ್ಯೋತ್ಸವದ ಪ್ರೋಗ್ರಾಮುಗಳು ಶುರುವಾಗುವುದರೊಳಗೆ ಸ್ವಂತ ಗಿಟಾರ್ ಇದ್ದರೆ ಆ ಜಾಗ ಇವನಿಗೆ. ಇಲ್ಲದಿದ್ದರೆ ಇನ್ನೊಬ್ಬನಿಗೆ. ಅಷ್ಟೇ ಲೆಕ್ಕ.

ಹೊರಡುವಾಗ ಚಿಕ್ಕಮ್ಮ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ ಮೆಲ್ಲಗೆ ಹೇಳಿದರು: "ನೋಡಪ್ಪಾ, ನೀನು ಮಾಡ್ಕೊಂಡ ಹಾಗೆ ಇವನು ಮಾಡ್ಕೋಬಾರ್ದು."

ನಾನೇನು ಮಾಡಿಕೊಂಡಿದ್ದೆ? ಮುಚ್ಚುಮರೆ ಯಾಕೆ, ಹೇಳಿಯೇಬಿಡುತ್ತೇನೆ. ಹತ್ತು ವರ್ಷದ ಹಿಂದೆ ಸೆಕೆಂಡ್ ಪಿಯುಸಿ ಫೀಸಿಗೆಂದು ಅಪ್ಪ ಕೊಟ್ಟ ದುಡ್ಡನ್ನು ಕೊಂಡೊಯ್ದು ಗಿಟಾರ್ ಅಂಗಡಿಯಲ್ಲಿ ಸುರಿದು ಬಂದವನು ಈ ಮಹಾನುಭಾವ! ಕೆಂಪು ಗಿಟಾರ್. ಬೆಂಕಿ ಜ್ವಾಲೆಯ ಸ್ಟಿಕ್ಕರ್ ಬೇರೆ. ಅಂಗಡಿಯ ಹೆಸರು ಬೇಡ ಬಿಡಿ, ತಪ್ಪು ಕಣ್ಣಿನದು. ಅದರ ಕುತ್ತಿಗೆ ಬಿಲ್ಲಿನಂತೆ ಬಗ್ಗಿತ್ತು. ಏಳನೇ ಫ್ರೆಟ್ ದಾಟಿದರೆ ತಂತಿ ಅಷ್ಟೆತ್ತರ, ಒತ್ತಿ ಒತ್ತಿ ಬೆರಳಲ್ಲಿ ರಕ್ತ. ಒಂದು ತಂತಿ ಶ್ರುತಿಗೆ ತಂದರೆ ಇನ್ನೊಂದು ಜಾರುತ್ತಿತ್ತು. ಆರು ತಿಂಗಳಿಗೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಗಿಟಾರೂ ಹೋಯಿತು, ಕಾಲೇಜೂ ಹೋಯಿತು. ಕೈಗೆ ಪೆನ್ನು ಬಂತು, ನಿಮ್ಮ ಹಣೆಯಲ್ಲಿ ನನ್ನ ಬರಹ ಓದುವುದು ಬರೆದಿತ್ತು!

ವೈರಿಲ್ಲದ ಹೀರೋ

ಈ ಕೆಂಪು ಹುಚ್ಚು ನಮಗೆ ಹತ್ತಿಸಿದ್ದು ಯಾರು? ಇನ್ಯಾರು, ಸಿನಿಮಾ! ಹೀರೋ ಬೆಟ್ಟದ ತುದಿಯಲ್ಲಿ ನಿಂತು ಗಿಟಾರ್ ಬಾರಿಸುತ್ತಾನೆ. ಗಾಳಿಗೆ ಕೂದಲು ಹಾರುತ್ತದೆ. ಗಿಟಾರ್ ಎಲೆಕ್ಟ್ರಿಕ್ಕು, ಆದರೆ ಅದಕ್ಕೊಂದು ವೈರೇ ಇಲ್ಲ! ಆಂಪ್ಲಿಫೈಯರ್ ಇಲ್ಲ, ಬೆಟ್ಟದ ಮೇಲೆ ಪ್ಲಗ್ ಪಾಯಿಂಟಂತೂ ಇಲ್ಲವೇ ಇಲ್ಲ. ಆದರೂ ಥಿಯೇಟರ್ ನಡುಗುವಂಥ ಸದ್ದು! ನಾವು ಶಿಳ್ಳೆ ಹೊಡೆದು ಮನೆಗೆ ಬರುತ್ತೇವೆ.

ನಿಜವಾಗಿ ಬಾರಿಸಿದವನು ರೆಕಾರ್ಡಿಂಗ್ ಸ್ಟುಡಿಯೋದ ಮೂಲೆಯಲ್ಲಿ ಕುರ್ಚಿ ಮೇಲೆ ಕೂತಿರುತ್ತಾನೆ. ಅವನ ಮುಖ ನಾವು ನೋಡುವುದಿಲ್ಲ. 1980ರ 'ಕರ್ಜ್' ಚಿತ್ರದಲ್ಲಿ ರಿಷಿ ಕಪೂರ್ ಕೈಯಲ್ಲಿ ಗಿಟಾರ್ ಕಂಡು ಮರುಳಾದವರೆಷ್ಟು ಮಂದಿ! ಆ ಚಿತ್ರಕ್ಕೆ ಗಿಟಾರ್ ನುಡಿಸಿದವರು ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರ ತಮ್ಮ ಗೋರಖ್ ಶರ್ಮಾ. ನಮ್ಮ ಕಡೆಯದೇ ಹೇಳಬೇಕೆಂದರೆ, ಇಳಯರಾಜ ಅವರು ಸಂಗೀತ ನಿರ್ದೇಶಕರಾಗುವ ಮುಂಚೆ ಬಾಡಿಗೆಗೆ ಗಿಟಾರ್ ನುಡಿಸುತ್ತಿದ್ದ ಕಲಾವಿದರು. ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದವರು. ಮುಂದೆ 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ'ಗೆ ಅವರೇ ಸಂಗೀತ ಕೊಟ್ಟರು. ಇವತ್ತಿಗೂ ಆ ಚಿತ್ರದ ಹಾಡು ಬಾರಿಸದೆ ಸುಬ್ರಹ್ಮಣ್ಯಪುರದಿಂದ ಒಂದು ಆರ್ಕೆಸ್ಟ್ರಾ ಜಾಗ ಖಾಲಿ ಮಾಡಲಿ ನೋಡೋಣ! ಆಟೋ ಸ್ಟ್ಯಾಂಡಿನವರು ಬಿಟ್ಟಾರೆಯೇ?

"ಲೇ, ಮೊದಲು ನೀನು ಯಾವ ಹಾಡು ಬಾರಿಸಬೇಕು ಹೇಳು, ಆಮೇಲೆ ಯಾವ ಬಣ್ಣ ಹೇಳುವೆಯಂತೆ" ಅಂದೆ.

ಹುಡುಗ ಬೆರಳು ಮಡಿಸಿದ. ರಾಜನ್-ನಾಗೇಂದ್ರ ಅವರ ಹಳೆಯ ಹಾಡುಗಳು. 'ಗೀತಾ'. 'ಪ್ರೇಮಲೋಕ'. ಆಮೇಲೆ ಪಡ್ಡೆಗಳು ಕುಣಿಯೋಕೆ 'ಎ', 'ಉಪೇಂದ್ರ' ಚಿತ್ರಗಳ ಗುರುಕಿರಣ್ ಹಾಡು. ಅಂದರೆ ಒಂದೇ ರಾತ್ರಿ ಒಂದೇ ಗಿಟಾರ್ ಹಾಲಿನಂತೆ ತಿಳಿಯಾಗಿಯೂ ನುಡಿಯಬೇಕು, ಹುಲಿಯಂತೆ ಗರ್ಜಿಸಲೂ ಬೇಕು.

ಫೆಂಡರೋ? ಗಿಬ್ಸನ್ನೋ?

ಮೆಟ್ರೋದಲ್ಲಿ ಕೂತು ಅವನಿಗೆ ಪಾಠ ಶುರು ಮಾಡಿದೆ. ಎಲೆಕ್ಟ್ರಿಕ್ ಗಿಟಾರಿನ ಜೀವ ಇರುವುದು ತಂತಿಯ ಕೆಳಗಿನ ಪಿಕಪ್‌ನಲ್ಲಿ. ಆಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅದುರಿದರೆ ಈ ಸುರುಳಿಯಲ್ಲಿ ಚಿಟಿಕೆಯಷ್ಟು ಕರೆಂಟು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ನೈಲಾನ್ ತಂತಿ ಕಟ್ಟಿದರೆ ಈ ಪಿಕಪ್‌ಗೆ ಕೇಳಿಸುವುದೇ ಇಲ್ಲ!

ಪಿಕಪ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದೇ ಸುರುಳಿಯದು ಸಿಂಗಲ್ ಕಾಯಿಲ್. ದನಿ ತೆಳು, ಚುರುಕು, ಗಾಜಿನ ಬಳೆಯಂತೆ. ಅಮೆರಿಕದ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಯವನು 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಎಂಬ ಗಿಟಾರ್ ತಂದ. ಅದರಲ್ಲಿ ಇಂಥವು ಮೂರು. ತಮಾಷೆ ಕೇಳಿ, ಈ ಪುಣ್ಯಾತ್ಮನಿಗೆ ಗಿಟಾರ್ ಬಾರಿಸಲು ಬರುತ್ತಿರಲಿಲ್ಲ! 1969ರ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಎಡಗೈಯಲ್ಲಿ ತಿರುಗಿಸಿ ಹಿಡಿದು ಬಾರಿಸಿದ್ದು ಇಂಥದ್ದೇ ಒಂದು ಬಿಳಿ ಸ್ಟ್ರಾಟ್.

ಎರಡನೆಯದು ಹಂಬಕರ್. ಗಿಬ್ಸನ್ ಕಂಪನಿಯ ಸೇತ್ ಲವರ್ ಕಂಡುಹಿಡಿದದ್ದು. 1957ರಿಂದ ಗಿಬ್ಸನ್ನಿನ ಲೆಸ್ ಪಾಲ್ ಗಿಟಾರ್‌ಗಳಲ್ಲಿ ಬಂತು. ಎರಡು ಸುರುಳಿ ಪಕ್ಕಪಕ್ಕ, ಒಂದಕ್ಕೊಂದು ಉಲ್ಟಾ. ದನಿ ದಪ್ಪ. ಲೆಡ್ ಜೆಪ್ಲಿನ್ನಿನ ಜಿಮ್ಮಿ ಪೇಜ್ ಕೈಯಲ್ಲಿ ನೋಡಿರುತ್ತೀರಿ.

ಅಸಲಿ ಫೆಂಡರ್, ಅಸಲಿ ಗಿಬ್ಸನ್ ನಮ್ಮ ಬಜೆಟ್ಟಿಗೆ ಆಕಾಶದ ಚಂದ್ರ. ಆದರೆ ಚಂದ್ರನಿಗೂ ತಮ್ಮಂದಿರಿದ್ದಾರೆ. ಫೆಂಡರಿನವರದೇ ಅಗ್ಗದ ಬ್ರಾಂಡ್ ಸ್ಕ್ವಾಯರ್. ಗಿಬ್ಸನ್ನಿನವರದು ಎಪಿಫೋನ್. ಇವುಗಳ ಜತೆಗೆ ಜಪಾನಿನ ಯಮಹಾ, ಐಬನೆಜ್, ಕೊರಿಯಾದ ಕಾರ್ಟ್. ನಮ್ಮ ಕಲ್ಕತ್ತೆಯ ಗಿವ್ಸನ್ ಕೂಡ ಇದೆ. ಹೆಸರು ನೋಡಿ ಗಿಬ್ಸನ್ ಅಂತ ಮೋಸ ಹೋಗಬೇಡಿ, ಅದು ಬೇರೆ, ಇದು ಬೇರೆ. ಆದರೂ ಪರದೇಶದ ಗಿಟಾರಿಗೆ ವಿಪರೀತ ಸುಂಕ ಇದ್ದ ಕಾಲದಲ್ಲಿ ನಮ್ಮ ಹುಡುಗರ ಕೈ ಹಿಡಿದದ್ದು ಕಲ್ಕತ್ತೆಯ ಗಿಟಾರ್‌ಗಳೇ.

ಗುಂಯ್‌ಗುಡುವ ಪೆಂಡಾಲು

ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಇಳಿದು ಬಳೇಪೇಟೆಗೆ ನಡೆದೆವು. ವೀಣೆ, ತಬಲ, ಮೃದಂಗ, ಬ್ಯಾಂಡ್‌ಸೆಟ್ಟಿನ ಊರು ಅದು. ಗಿಟಾರೂ ಉಂಟು. ಹುಡುಗನ ಕಣ್ಣು ನೇರ ಹೋಗಿ ಕೆಂಪು ಲೆಸ್ ಪಾಲ್ ನಕಲಿನ ಮೇಲೆ ಬಿತ್ತು. ಬೆಲೆ 14,000.

"ಹೆಗಲಿಗೆ ಹಾಕ್ಕೋ" ಅಂದೆ. ಹಾಕಿಕೊಂಡ. ಮುಖ ಅರಳಿತು. ಕನ್ನಡಿ ನೋಡಿಕೊಂಡ. ಹತ್ತು ನಿಮಿಷ ಹಾಗೇ ನಿಲ್ಲಿಸಿದೆ. ಮುಖ ಬಾಡಿತು! ಈ ಜಾತಿಯ ಗಿಟಾರ್ ನಾಲ್ಕು ಕಿಲೋ ದಾಟುವುದುಂಟು. ಅಣ್ಣಮ್ಮನ ಉತ್ಸವದಲ್ಲಿ ನಾಲ್ಕು ಗಂಟೆ ನಿಂತು ಬಾರಿಸುವವನ ಹೆಗಲು ಏನಾಗಬೇಕು? ಇನ್ನೂ ಒಂದಿದೆ. ಲೆಸ್ ಪಾಲ್‌ನ ತಲೆ ಹಿಂದಕ್ಕೆ ಬಾಗಿರುತ್ತದೆ. ಬಿದ್ದರೆ ಕುತ್ತಿಗೆ ಮುರಿಯುವುದು ಸರಿಯಾಗಿ ಅಲ್ಲೇ. ಟೆಂಪೋದಲ್ಲಿ ಸ್ಪೀಕರ್ ಬಾಕ್ಸಿನ ಮೇಲೆ ಗಿಟಾರ್ ಎಸೆಯುವ ನಮ್ಮ ಆರ್ಕೆಸ್ಟ್ರಾ ಹುಡುಗರಿಗೆ ಇದು ಆಗಿಬರುವ ಸಂಬಂಧವಲ್ಲ. ಫೆಂಡರ್ ಮಾದರಿಯಲ್ಲಿ ಕುತ್ತಿಗೆಯನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಹಾಳಾದರೆ ಬಿಚ್ಚಿ ಬೇರೆ ಹಾಕಬಹುದು.

"ಹಾಗಾದ್ರೆ ಸ್ಟ್ರಾಟೇ ತಗೊಳ್ಳೋಣ ಬಿಡಣ್ಣ."

ತಡಿ ತಮ್ಮಾ! ಸಿಂಗಲ್ ಕಾಯಿಲ್‌ಗೆ ಒಂದು ಕೆಟ್ಟ ಚಾಳಿ. ಸುತ್ತಲಿನ ಕರೆಂಟಿನ ಗುಂಯ್ ಸದ್ದನ್ನೂ ಹೀರಿಕೊಂಡು ಸ್ಪೀಕರಿಗೆ ಕಳಿಸುತ್ತದೆ. ಮನೆಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಗಣೇಶನ ಪೆಂಡಾಲಿಗೆ ಬನ್ನಿ! ತಲೆ ಮೇಲೆ ಸೀರಿಯಲ್ ಲೈಟು, ಪಕ್ಕದಲ್ಲಿ ಡಿಮ್ಮರು, ಹಿಂದೆ ಜನರೇಟರು. ಗಾಯಕ ಶೋಕಗೀತೆ ಶುರು ಮಾಡಿದರೆ ಗಿಟಾರಿನಿಂದ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ಯ್ಯ್! ಹಂಬಕರ್‌ನಲ್ಲಿ ಎರಡು ಉಲ್ಟಾ ಸುರುಳಿ ಇರುವುದರಿಂದ ಒಂದರ ಗುಂಯ್ ಇನ್ನೊಂದು ಕೊಂದುಹಾಕುತ್ತದೆ. ಆ ಹೆಸರು ಬಂದದ್ದೇ ಹಾಗೆ.

ಕರೆಂಟಿನ ಮಾತು ಬಂತು, ಇದನ್ನು ಹೇಳದೆ ಮುಂದೆ ಹೋಗಲಾರೆ. ತಮಾಷೆಯಲ್ಲ. ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ತಿಂಗ್‌ಗೆ ಸೇರಿರುತ್ತದೆ. ಪೆಂಡಾಲಿನವರು ಮೂರನೇ ಪಿನ್ನು ಕಿತ್ತು ಎರಡು ಪಿನ್ನಿನಲ್ಲೇ ಸಿಕ್ಕಿಸಿದ್ದರೆ, ಒಂದು ಕೈ ತಂತಿಯ ಮೇಲಿಟ್ಟು ತುಟಿ ಮೈಕಿಗೆ ತಗುಲಿಸಿದಾಗ ಷಾಕ್ ಹೊಡೆಯಬಹುದು. 1972ರಲ್ಲಿ ವೇಲ್ಸ್ ದೇಶದ ಸ್ವಾನ್ಸಿಯಲ್ಲಿ 'ಸ್ಟೋನ್ ದಿ ಕ್ರೋಸ್' ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿ ಪ್ರಾಣ ಬಿಟ್ಟ. ಎಂಥ ಗಿಟಾರನ್ನೇ ಕೊಳ್ಳಿ, ವೇದಿಕೆ ಹತ್ತುವ ಮುಂಚೆ ಟೆಸ್ಟರ್ ಹಿಡಿದು ಮೈಕ್ ನೋಡಿ. ಸೌಂಡಿನವನು ನಕ್ಕರೆ ನಗಲಿ.

ಬಳೇಪೇಟೆಯಿಂದ ಜೆ.ಪಿ. ನಗರಕ್ಕೆ

ನಮಗೆ ಬೇಕಾದದ್ದು ಈಗ ಗೊತ್ತಾಯಿತು. ಬ್ರಿಡ್ಜಿನ ಪಕ್ಕ ಒಂದು ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್. ಗರ್ಜನೆಗೂ ಆಯಿತು, ತಿಳಿ ದನಿಗೂ ಆಯಿತು. ಯಮಹಾದವರು 1990ರಲ್ಲಿ ಶುರು ಮಾಡಿದ ಪೆಸಿಫಿಕಾ ಸಾಲಿನಲ್ಲಿ 112 ಎಂಬ ಮಾದರಿ ಇಂಥದ್ದೇ.

ಎಂ.ಜಿ. ರಸ್ತೆ ಕಡೆಯ ಏರ್‌ಕಂಡೀಷನ್ ಷೋರೂಮಿಗೂ ಹೋದೆವು. ಹೊಸದಕ್ಕೆ ಕೈಲಿದ್ದ ದುಡ್ಡೆಲ್ಲ ಬಲಿ. ಹುಡುಗ ಸಪ್ಪಗಾದ. ಬರೀ ಗಿಟಾರ್ ತಂದರೆ ಬಾರಿಸುವುದು ಹೇಗೆ? ಕೇಬಲ್ ಬೇಕು, ಬೆಲ್ಟ್ ಬೇಕು, ಬೇರೆ ಬೇರೆ ದನಿ ತರುವ ಪ್ರೊಸೆಸರ್ ಬೇಕು. ಆರ್ಕೆಸ್ಟ್ರಾದವರಿಗೆ ದೊಡ್ಡ ಆಂಪ್ಲಿಫೈಯರ್ ಬೇಡ, ಪ್ರೊಸೆಸರಿನಿಂದ ನೇರ ಮಿಕ್ಸರಿಗೆ ಕೊಡುತ್ತಾರೆ. ಇಡೀ ದುಡ್ಡು ಗಿಟಾರಿಗೇ ಸುರಿದವನು ವೈರಿಲ್ಲದ ಹೀರೋನೇ!

ಷೋರೂಮಿನ ಹುಡುಗನೊಬ್ಬ ತೋರಿಸಿದ ಇನ್ನೊಂದು ಗಿಟಾರ್ ಇವನಿಗೆ ಬಹಳ ಹಿಡಿಸಿತು. ಕೋಲು ಅಲ್ಲಾಡಿಸಿದರೆ ದನಿ ಕುದುರೆಯಂತೆ ಕೆನೆಯುತ್ತದೆ, ಫ್ಲಾಯ್ಡ್ ರೋಸ್ ಎಂಬ ಬೀಗದ ಬ್ರಿಡ್ಜು. ಬೇಡವೆಂದೆ. ಅದರಲ್ಲಿ ಒಂದು ತಂತಿ ಕಡಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಹಾಡಿನ ಮಧ್ಯೆ ಸ್ಪ್ಯಾನರ್ ಹುಡುಕುತ್ತಾ ಕೂರುವುದಕ್ಕಾಗುತ್ತದೆಯೇ?

ಸಂಜೆ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ದಾರಿ ಹಿಡಿದೆವು. ಲಾಕ್‌ಡೌನಿನಲ್ಲಿ ಉತ್ಸಾಹದಿಂದ ಗಿಟಾರ್ ಕೊಂಡು ಈಗ ಬಟ್ಟೆ ಒಣಹಾಕಲು ಬಳಸುವ ಸಾಫ್ಟ್‌ವೇರ್ ಬಂಧುಗಳು ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಜೆ.ಪಿ. ನಗರದ ಒಂದು ಫ್ಲ್ಯಾಟಿನಲ್ಲಿ ಪೆಸಿಫಿಕಾ 112 ಸಿಕ್ಕಿತು. ನೀಲಿ ಬಣ್ಣ. 20,000 ಹೇಳಿದರು.

ಇಲ್ಲಿ ನನ್ನ ಹತ್ತು ವರ್ಷದ ಹೊಟ್ಟೆಯುರಿ ಕೆಲಸಕ್ಕೆ ಬಂತು. ಮೊದಲು ಗಿಟಾರನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಕುತ್ತಿಗೆಯ ಉದ್ದಕ್ಕೂ ನೋಡಿದೆ. ಒಂದು ಚೂರು ಬಾಗು ಇತ್ತು. ಅಷ್ಟಕ್ಕೆ ಹೆದರಬೇಕಿಲ್ಲ, ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ, ಕೀಲಿ ತಿರುಗಿಸಿ ಸರಿಮಾಡುತ್ತಾರೆ. ತಿರುಚಿಕೊಂಡಿದ್ದರೆ ಮಾತ್ರ ನಮಸ್ಕಾರ ಹೇಳಿ ಬರಬೇಕು. ಆಮೇಲೆ ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿ ಎಷ್ಟು ಎತ್ತರ ಇದೆ ನೋಡಿದೆ. ಎರಡು ಮಿಲಿಮೀಟರಿನ ಆಸುಪಾಸು ಇದ್ದರೆ ಬೆರಳು ಬದುಕುತ್ತದೆ. ಹುಡುಗನ ಕೈಗೆ ಕೊಟ್ಟು ಆರೂ ತಂತಿಯ ಮೇಲೆ ಒಂದೊಂದೇ ಫ್ರೆಟ್ ಒತ್ತಿಸಿದೆ, ಎಲ್ಲಾದರೂ ಕಿರ್ರ್ ಅನ್ನುತ್ತದೋ ಅಂತ. ಹದಿನಾಲ್ಕನೆಯದರಲ್ಲಿ ಅಂದಿತು. ಹನ್ನೆರಡನೇ ಫ್ರೆಟ್ ಒತ್ತಿದ ಸ್ವರ, ಬಿಟ್ಟ ತಂತಿಯ ಸ್ವರದ ಸರಿಯಾದ ಮೇಲಿನ ಷಡ್ಜ ಆಗಬೇಕು. ಟ್ಯೂನರ್ ಹಚ್ಚಿ ನೋಡಿದೆ, ಒಂದು ತಂತಿ ಬಿಟ್ಟು ಉಳಿದವು ಸರಿ. ವಾಲ್ಯೂಮ್ ಗುಂಡಿ ತಿರುಗಿಸಿದರೆ ಚರಚರ ಅಂದಿತು. ಬರೀ ಧೂಳು.

ಈ ಎಲ್ಲ ಕುಂದುಗಳನ್ನು ಮೆಲ್ಲಗೆ ಎಣಿಸಿ ಹೇಳಿದೆ. 16,000ಕ್ಕೆ ಇಳಿದರು. ಯಜಮಾನರ ಹೆಂಡತಿ ಒಳಗಿನಿಂದಲೇ, "ಕೊಟ್ಟುಬಿಡ್ರೀ, ಜಾಗ ಆಗತ್ತೆ" ಅಂದದ್ದೂ ಸಹಾಯವಾಯಿತು!

ಹಳೆ ಪ್ರೊಸೆಸರ್ ಒಂದಕ್ಕೆ 6,000. ಕೇಬಲ್, ಬೆಲ್ಟು, ಚೀಲ, ಎರಡು ಸೆಟ್ ತಂತಿಗೆ 2,000. ಕುತ್ತಿಗೆ, ಫ್ರೆಟ್ ಸರಿಮಾಡಿಸಲು 1,000. ಒಟ್ಟು 25,000 ಆಯಿತು.

ರಾತ್ರಿ ಒಂಬತ್ತಕ್ಕೆ ಸುಬ್ರಹ್ಮಣ್ಯಪುರದಲ್ಲಿ ಬಸ್ ಇಳಿದಾಗ ಹುಡುಗ ಗಿಟಾರನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದ. ಚಿಕ್ಕಮ್ಮ ಚೀಲ ಬಿಚ್ಚಿಸಿ ನೋಡಿದರು, ಅರಿಶಿನ ಕುಂಕುಮ ಇಟ್ಟರು. ಉಳಿದ 5,000ವನ್ನು ನಾನು ಕೈಗಿತ್ತಾಗ ಎರಡು ಸಲ ಎಣಿಸಿ ಡಬ್ಬಿಗೆ ಹಾಕಿದರು.

ಅವನು ಮಾತ್ರ ಬಾಗಿಲ ಹತ್ತಿರ ನನ್ನ ಕಿವಿಯಲ್ಲಿ ಕೇಳಿದ:

"ಅಣ್ಣಾ... ಕೆಂಪು ಪೇಂಟ್ ಹೊಡೆಸಿದ್ರೆ ದನಿ ಏನಾದ್ರೂ ಕೆಡತ್ತಾ?"