ಹಳೆಯ ಮೋಟಾರಿನ ಡ್ರಮ್ ಬ್ರೇಕು: ರೋಗಲಕ್ಷಣವೂ ಚಿಕಿತ್ಸೆಯೂ

ಮೋಟಾರು ಗಾಡಿಯು ಹೊರಡದಿದ್ದರೆ ನಮಗೆ ಬೇಸರವಾಗುತ್ತದೆ. ನಿಲ್ಲದಿದ್ದರೆ ನಮಗೂ ದಾರಿಹೋಕರಿಗೂ ಪ್ರಾಣಾಪಾಯ ಒದಗುತ್ತದೆ. ಹೀಗಿದ್ದರೂ ಎಂಜಿನಿನ ಸಣ್ಣ ಕೆಮ್ಮನ್ನು ಸಹ ಕಿವಿಗೊಟ್ಟು ಕೇಳುವ ನಾವು, ಬ್ರೇಕಿನ ದೂರನ್ನು ತಿಂಗಳುಗಟ್ಟಲೆ ಅಲಕ್ಷ್ಯಮಾಡುವುದುಂಟು. ಬ್ರೇಕು ಬಹುಮಟ್ಟಿಗೆ ಮುನ್ಸೂಚನೆಯಿಲ್ಲದೆ ಕೈಬಿಡುವುದಿಲ್ಲ. ಅದು ತನ್ನ ಕಷ್ಟವನ್ನು ಪೆಡಲಿನ ಮೂಲಕ ನಮ್ಮ ಪಾದಕ್ಕೆ ತಿಳಿಸುತ್ತಲೇ ಇರುತ್ತದೆ. ಆ ಭಾಷೆಯನ್ನು ಅರಿತುಕೊಳ್ಳುವುದು ಹೇಗೆ, ಅರಿತಮೇಲೆ ಮಾಡತಕ್ಕದ್ದೇನು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕೆಲವು ಮನೆಗಳ ಮುಂದೆ ಇಂದಿಗೂ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳು ಅಭಿಮಾನದಿಂದ ನಿಂತಿರುತ್ತವೆ. ಅಂಬಾಸಿಡರಿನ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಪದ್ಮಿನಿಯದು ಅದಕ್ಕೂ ಮೊದಲೇ ಮುಗಿದಿತ್ತು. ಇವುಗಳ ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ. ಈ ಭಾಗದ ನೆಲವಾದರೋ ಸಮತಟ್ಟಾದುದಲ್ಲ. ದಿಣ್ಣೆಯ ಬಡಾವಣೆಗಳಿಂದ ಇಳಿದು ಬಂದರೆ ವೃಷಭಾವತಿಯ ಕಣಿವೆ. ಅದರ ಜೊತೆಯಲ್ಲಿಯೇ ಮೈಸೂರು ರಸ್ತೆಯು ಕೆಂಗೇರಿಯ ಕಡೆಗೆ ಸಾಗುತ್ತದೆ. ಏರು, ಇಳಿಜಾರು, ಹೆಜ್ಜೆಹೆಜ್ಜೆಗೂ ನಿಂತು ಹೊರಡುವ ಜನಸಂದಣಿ, ಮಳೆಗಾಲದಲ್ಲಿ ರಸ್ತೆಯ ಮೇಲೆ ನಿಲ್ಲುವ ನೀರು: ಇವೆಲ್ಲವೂ ಬ್ರೇಕಿಗೆ ಪರೀಕ್ಷೆಗಳೇ ಸರಿ.

ಡ್ರಮ್ ಬ್ರೇಕಿನ ರಚನೆ ಸರಳವಾದುದು. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಡೋಲೊಂದುಂಟು. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳು. ಅವುಗಳ ಬೆನ್ನಿಗೆ ಘರ್ಷಣೆಯನ್ನು ಸಹಿಸುವ ಲೈನಿಂಗು. ನಾವು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ದ್ರವವು ಕೊಳವೆಗಳ ಮೂಲಕ ಒತ್ತಡವನ್ನು ಪ್ರತಿಯೊಂದು ಚಕ್ರದ ಸಿಲಿಂಡರಿಗೂ ಒಯ್ಯುತ್ತದೆ. ಷೂಗಳು ಅಗಲಿ ಡೋಲಿಗೆ ಒತ್ತಿಕೊಳ್ಳುತ್ತವೆ. ತಿರುಗುತ್ತಿರುವ ಡೋಲು ಮುಂಗಡೆಯ ಷೂವನ್ನು ತನ್ನ ಕಡೆಗೆ ಎಳೆದುಕೊಂಡು, ಬಾಗಿಲಿನ ಕೆಳಗೆ ಸಿಕ್ಕಿಕೊಂಡ ಬೆಣೆಯಂತೆ ಇನ್ನಷ್ಟು ಬಿಗಿಸುತ್ತದೆ. ಈ ಗುಣದಿಂದಲೇ ಸ್ವಲ್ಪ ಬಲಕ್ಕೆ ಹೆಚ್ಚು ಫಲ ದೊರೆಯುವುದು.

ಆದರೆ ಗಾಡಿಯ ವೇಗವು ಹೋಗುವುದೆಲ್ಲಿಗೆ? ಶಾಖವಾಗಿ ಈ ಡೋಲಿಗೇ ಸೇರುತ್ತದೆ. 1,100 ಕಿಲೋಗ್ರಾಂ ತೂಕದ ಗಾಡಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖವು ಸುಮಾರು ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅದೇ ಗಾಡಿಯು ನಂದಿಬೆಟ್ಟದಿಂದ 500 ಮೀಟರ್ ಎತ್ತರವನ್ನು ಬ್ರೇಕಿನ ಬಲದಿಂದಲೇ ಇಳಿದರೆ, ಅಂಥ 35 ನಿಲುಗಡೆಗಳ ಶಾಖವು ಸೇರುತ್ತದೆ. ಕಾದ ಡೋಲು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಸಡಿಲುತ್ತದೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಬರಬೇಕೆಂಬ ಹಿರಿಯ ಚಾಲಕರ ಮಾತಿಗೆ ಇದೇ ಕಾರಣ.

ಇನ್ನು ರೋಗಲಕ್ಷಣಗಳು. ಪೆಡಲು ಮೊದಲ ಸಲ ಬಹಳ ಕೆಳಗೆ ಹೋಗಿ, ಕೂಡಲೇ ಎರಡನೆಯ ಸಲ ತುಳಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ, ಷೂಗಳಿಗೂ ಡೋಲಿಗೂ ನಡುವಣ ಅಂತರ ಹೆಚ್ಚಿದೆಯೆಂದು ತಿಳಿಯಬಹುದು. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ದ್ರವಮಾರ್ಗದಲ್ಲಿ ಗಾಳಿ ಸೇರಿದೆ. ದ್ರವವು ಕುಗ್ಗದು, ಗಾಳಿಯು ಕುಗ್ಗುತ್ತದೆ. ಪಾದವನ್ನು ಒಂದೇ ಸಮನಾಗಿ ಒತ್ತಿಹಿಡಿದಾಗ ಪೆಡಲು ಮೆಲ್ಲಮೆಲ್ಲನೆ ಇಳಿಯುತ್ತ ಹೋದರೆ, ಎಲ್ಲಿಯೋ ದ್ರವ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಬಟ್ಟಲು ಸವೆದಿದೆ. ಈ ಲಕ್ಷಣವನ್ನು ಕಂಡ ಗಾಡಿಯನ್ನು ರಸ್ತೆಗೆ ಇಳಿಸಲೇ ಕೂಡದು. ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ, ಲೈನಿಂಗು ಕಾದು ಗಾಜಿನಂತೆ ನುಣುಪಾಗಿರಬಹುದು, ಇಲ್ಲವೆ ನೆನೆದಿರಬಹುದು. ಗಾಡಿಯು ಒಂದು ಪಕ್ಕಕ್ಕೆ ಎಳೆದರೆ, ಎರಡು ಕಡೆಯ ಹಿಡಿತವೂ ಸಮನಾಗಿಲ್ಲ. ತುಳಿದಾಗಲೆಲ್ಲ ಪಾದವು ಅದುರಿದರೆ ಡೋಲು ತನ್ನ ದುಂಡನ್ನು ಕಳೆದುಕೊಂಡಿದೆ. ಸ್ವಲ್ಪ ದೂರ ಹೋಗಿಬಂದಾಗ ಒಂದು ಚಕ್ರ ಮಾತ್ರ ಬಹಳ ಕಾದಿದ್ದರೆ, ಅಲ್ಲಿಯ ಷೂ ಹಿಂದಕ್ಕೆ ಸರಿಯದೆ ಉಜ್ಜುತ್ತಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಡಬ್ಬಿಯಲ್ಲಿ ದ್ರವ ತಗ್ಗಿದಾಗ ಮೇಲಿಂದ ತುಂಬಿಸಿ ಸಮಾಧಾನಪಡುವುದು ನಮ್ಮಲ್ಲಿ ರೂಢಿ. ದ್ರವವು ಆವಿಯಾಗಿ ಹೋಗತಕ್ಕ ವಸ್ತುವಲ್ಲ. ಅದು ತಗ್ಗಿದೆಯೆಂದರೆ ಲೈನಿಂಗು ಸವೆದಿರಬೇಕು, ಇಲ್ಲವೆ ಸೋರಿಕೆಯಿರಬೇಕು. ತುಂಬಿಸುವುದರಿಂದ ಕಾರಣವು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗ. ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಹೋಗುತ್ತವೆ. ಆಗ ಉಳಿಯುವುದು ಬೇರೆ ತಂತಿಯಿಂದ ನಡೆಯುವ ಕೈಬ್ರೇಕೊಂದೇ. ಅಂಥ ಸಂಕಟದಲ್ಲಿ ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತ, ಗೇರನ್ನು ಕ್ರಮವಾಗಿ ಇಳಿಸಿ, ಕೈಬ್ರೇಕನ್ನು ಒಮ್ಮೆಗೇ ಜಗ್ಗದೆ ಸ್ವಲ್ಪ ಸ್ವಲ್ಪವಾಗಿ ಎಳೆಯತಕ್ಕದ್ದು.

ಚಿಕಿತ್ಸೆಗೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಎತ್ತಿದ ಭಾಗಕ್ಕೆ ಭದ್ರವಾದ ಆಧಾರವನ್ನು ಇಡಬೇಕು, ಜಾಕಿಯೊಂದನ್ನೇ ನಂಬಬಾರದು. ಡೋಲನ್ನು ಕಳಚಿದಾಗ ಕಾಣುವ ಧೂಳನ್ನು ಊದಕೂಡದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿದೆ. ಒದ್ದೆಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಹಾಕುವುದು ಕ್ಷೇಮ. ಅನಂತರ ಚಕ್ರದ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ಮೆಲ್ಲನೆ ಸರಿಸಿ ನೋಡಬೇಕು. ಒಳಗೆ ದ್ರವವು ತುಂಬಿ ಒಸರಿದರೆ ಬಟ್ಟಲು ಕೆಟ್ಟಿದೆ. ಹಿಂದಿನ ಚಕ್ರದಲ್ಲಿ ಜಿಡ್ಡು ಕಂಡರೆ ಅದು ಬ್ರೇಕಿನ ದ್ರವವೋ ಅಚ್ಚಿನ ಎಣ್ಣೆಯೋ ಎಂಬ ಸಂಶಯ ಬರುತ್ತದೆ. ಒಂದು ತೊಟ್ಟನ್ನು ನೀರಿಗೆ ಹಾಕಿದರೆ, ಬ್ರೇಕಿನ ದ್ರವವು ಬೆರೆತುಹೋಗುತ್ತದೆ, ಎಣ್ಣೆಯು ತೇಲುತ್ತದೆ. ಸೋರಿಕೆಯನ್ನು ನಿಲ್ಲಿಸದೆ ಹೊಸ ಲೈನಿಂಗು ಹಾಕಿದರೆ ಹಣವೂ ಹೋಯಿತು, ಬ್ರೇಕೂ ಹೋಯಿತು.

ಜಿಡ್ಡು ಕುಡಿದ ಲೈನಿಂಗು ತೊಳೆದರೂ ಸುಟ್ಟರೂ ಶುದ್ಧವಾಗದು. ರಿವೆಟಿನ ತಲೆಯು ಡೋಲನ್ನು ಮುಟ್ಟುವ ಮುನ್ನವೇ ಲೈನಿಂಗನ್ನು ಬದಲಿಸಬೇಕು. ಒಂದು ಚಕ್ರಕ್ಕೆ ಹಾಕಿದರೆ ಅದೇ ಅಚ್ಚಿನ ಇನ್ನೊಂದು ಚಕ್ರಕ್ಕೂ ಹಾಕಲೇಬೇಕು. ಗೀರು ಬಿದ್ದ ಡೋಲನ್ನು ಲೇತಿನಲ್ಲಿ ಕಡೆಯಿಸಬಹುದು; ಕಾಮಾಕ್ಷಿಪಾಳ್ಯದಂಥ ಕಡೆ ಸಣ್ಣ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಆದರೆ ತಯಾರಕರು ಹೇಳಿದ ಮಿತಿಯನ್ನು ಮೀರಿ ಕಡೆದ ಡೋಲು ತೆಳುವಾಗಿ ಬೇಗನೆ ಕಾಯುತ್ತದೆ, ಬಿರುಕುಬಿಡುತ್ತದೆ.

ಜೋಡಿಸಿದಮೇಲೆ, ಹೊಂದಾಣಿಕೆಯ ತಿರುಪನ್ನು ಚಕ್ರವು ಬಿಗಿಯುವವರೆಗೆ ತಿರುಗಿಸಿ, ಅದು ತಡೆಯಿಲ್ಲದೆ ಸುತ್ತುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ಗಾಳಿಯನ್ನು ತೆಗೆಯುವ ಕೆಲಸವು ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಎಂದರೆ ನಮ್ಮ ಬಲಗೈ ಚಾಲನೆಯ ಗಾಡಿಗಳಲ್ಲಿ ಹಿಂದಿನ ಎಡಚಕ್ರದಿಂದ, ಆರಂಭವಾಗುತ್ತದೆ. ಹೊರಬಂದ ದ್ರವವನ್ನು ಮತ್ತೆ ಸುರಿಯಬಾರದು. ಈ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಜಾತಿಯ ಹೊಸ ದ್ರವದ ಕುದಿಬಿಂದುವು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಸೇರಿದಾಗ ಅದು 140 ಡಿಗ್ರಿಯವರೆಗೂ ಇಳಿಯಬಹುದು. ಆದುದರಿಂದ ಎರಡು ವರ್ಷಕ್ಕೊಮ್ಮೆ ಹೊಸದನ್ನು ತುಂಬುವುದು ಉಚಿತ. ಎಂಜಿನ್ ಎಣ್ಣೆಯನ್ನಂತೂ ಒಂದು ತೊಟ್ಟೂ ಬೆರೆಸಕೂಡದು, ರಬ್ಬರು ಉಬ್ಬಿಹೋಗುತ್ತದೆ.

ಹದಿನೈದು ವರ್ಷ ತುಂಬಿದ ಗಾಡಿಯು ಪುನರ್ನೋಂದಣಿಗೆ ಅರ್ಹತೆಯ ಪರೀಕ್ಷೆಗೆ ಒಳಗಾಗಬೇಕೆಂಬುದನ್ನು ರಾಜಾಜಿನಗರದ ಸಾರಿಗೆ ಕಚೇರಿಗೆ ಹೋದವರೆಲ್ಲ ಬಲ್ಲರು. ಆ ಪತ್ರವು ಆ ದಿನದ ಸ್ಥಿತಿಯನ್ನು ಹೇಳುತ್ತದೆ. ಪ್ರತಿದಿನದ ಸ್ಥಿತಿಯನ್ನು ಹೇಳತಕ್ಕದ್ದು ನಮ್ಮ ಪಾದವೇ. ಬೆಳಗ್ಗೆ ಗಾಡಿಯನ್ನು ಹೊರಡಿಸುವ ಮುನ್ನ ಪೆಡಲನ್ನು ಅರ್ಧ ನಿಮಿಷ ಒತ್ತಿಹಿಡಿದು ನೋಡುವ ಅಭ್ಯಾಸವೊಂದನ್ನು ನಾವು ಬೆಳಸಿಕೊಂಡರೆ, ಹಳೆಯ ಗಾಡಿಯ ಮೇಲಿನ ಅಭಿಮಾನಕ್ಕಾಗಿ ಬೀದಿಯಲ್ಲಿ ನಡೆಯುವ ಇತರರು ಬೆಲೆ ತೆರಬೇಕಾಗುವುದಿಲ್ಲ.